ಕುಂತಿಯ ಮಕ್ಕಳ ಎಣಿಕೆ

ಗದುಗಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರುಗಳ ದಾರಿ. ಈ ಕಿರಿದಾದ ಸೀಮೆಯ ಎರಡು ತುದಿಗಳಲ್ಲಿ ಕನ್ನಡದ ಎರಡು ಭಾರತಗಳ ಹೆಸರುಗಳು ನೆಲೆಗೊಂಡಿರುವುವು. ಸುಮಾರು 941ರಲ್ಲಿ ವೇಮುಲವಾಡದ ಚಾಲುಕ್ಯರ ಅರಿಕೇಸರಿಯ ಆಶ್ರಯದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿರುವನು; ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅವನಿಗೆ ಸುಮಾರು ಐದು ಶತಮಾನಗಳ ತರುವಾಯ ಕೋಳಿವಾಡದ ನಾರಣಪ್ಪನು ಗದುಗಿನ ವೀರನಾರಾಯಣನ ಅಂಕಿತದಲ್ಲಿ ಹತ್ತು ಪರ್ವಗಳ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಹಾಡಿ ಕುಮಾರವ್ಯಾಸನೆನಿಸಿದನು. ಈ ಎರಡು ಕಾವ್ಯಗಳನ್ನು ಹೋಲಿಸಿ ನೋಡುವ ಪದ್ಧತಿ ಹಳೆಯದು. ಚಂಪುವಿಗೂ ಷಟ್ಪದಿಗೂ ಇರುವ ಅಂತರ, ಪಂಪನ ಅರ್ಜುನ, ಕುಮಾರವ್ಯಾಸನ ಕೃಷ್ಣ, ಇಬ್ಬರಿಗೂ ಮೆಚ್ಚಾದ ಕರ್ಣ, ಇವು ವಿಮರ್ಶಕರು ಮತ್ತೆ ಮತ್ತೆ ತುಳಿದ ದಾರಿಗಳು. ಆದರೆ ಈ ಕಥೆಯ ನಡುಮನೆಯಲ್ಲಿರುವ ಒಂದು ಸಾಮಾನ್ಯ ಸಂಗತಿಯತ್ತ ಅಷ್ಟಾಗಿ ಲಕ್ಷ್ಯವು ಹೋಗಿಲ್ಲ. ಪಾಂಡವರದು ಇಬ್ಬರು ತಾಯಂದಿರ ಮಕ್ಕಳು ಕೂಡಿ ಬೆಳೆದ ಮನೆ. ಆ ಮನೆಯ ಹೊರಗೆ ಅದೇ ತಾಯಿಯ ಇನ್ನೊಬ್ಬ ಮಗನು ಬೇರೊಬ್ಬರ ಮಡಿಲಿನಲ್ಲಿ ಬೆಳೆಯುತ್ತಿದ್ದನು.

ಕನ್ನಡದಲ್ಲಿ ಒಡಹುಟ್ಟಿದವರೆಂಬ ಮಾತು ಎಷ್ಟು ಹಿತವಾಗಿದೆಯೋ ಮಲಸೋದರರೆಂಬ ಮಾತು ಅಷ್ಟೇ ಕಹಿಯಾಗಿದೆ. ‘ಮಲ’ ಎಂಬ ಎರಡಕ್ಷರವು ತಾಯಿಗಾಗಲಿ ಮಗನಿಗಾಗಲಿ ಅಂಟಿದೊಡನೆಯೇ ಕೇಳುವವನ ಮನಸ್ಸಿನಲ್ಲಿ ಪಕ್ಷಪಾತದ ಕಥೆಯೊಂದು ತಾನಾಗಿ ಹುಟ್ಟಿಕೊಳ್ಳುವುದು. ಪಾಂಡವರ ವಿಷಯದಲ್ಲಿ ಮಾತ್ರ ಈ ಮಾತನ್ನು ಯಾರೂ ಬಳಸುವುದಿಲ್ಲ. ನಕುಲ ಸಹದೇವರನ್ನು ಭೀಮಾರ್ಜುನರ ಮಲತಮ್ಮಂದಿರೆಂದರೆ ಮಾತು ಸತ್ಯವೇ ಆದರೂ ಕಿವಿಗೆ ಅಪಚಾರದಂತೆ ಕೇಳಿಸುತ್ತದೆ. ಐವರು ಎಂಬ ಒಂದು ಸಂಖ್ಯಾವಾಚಕದೊಳಗೆ ಮೂವರು ಮತ್ತು ಇಬ್ಬರು ಎಂಬ ಭೇದವು ಕರಗಿಹೋಗಿರುವುದು. ಇದು ತಾನಾಗಿ ಕರಗಿದುದಲ್ಲ. ಅದನ್ನು ಕರಗಿಸಲು ಯಾರು ಏನನ್ನು ತೆತ್ತರೆಂಬುದನ್ನು ವ್ಯಾಸರು ಅಲ್ಲಲ್ಲಿ ಬರೆದಿಟ್ಟಿರುವರು. ಕನ್ನಡದ ಇಬ್ಬರು ಕವಿಗಳು ಆ ಲೆಕ್ಕವನ್ನು ತಮ್ಮ ತಮ್ಮ ರೀತಿಯಲ್ಲಿ ತಿದ್ದಿರುವರು.

ಮೂಲದಲ್ಲಿ ಈ ಲೆಕ್ಕವು ಮತ್ಸರದಿಂದಲೇ ಆರಂಭವಾಗುತ್ತದೆ. ಕುಂತಿಯು ಕೊಟ್ಟ ಮಂತ್ರದಿಂದ ಮಾದ್ರಿಯು ಅಶ್ವಿನೀದೇವತೆಗಳನ್ನು ಕರೆದು ಒಂದೇ ಸಲಕ್ಕೆ ಇಬ್ಬರು ಮಕ್ಕಳನ್ನು ಪಡೆದಳು. ಪಾಂಡುವು ಎರಡನೆಯ ಸಲ ಕೇಳಿದಾಗ ಕುಂತಿಯು ಒಪ್ಪಲಿಲ್ಲ. ತಾನು ಮೋಸಹೋದೆನೆಂದೂ, ಸವತಿಯು ಎಣಿಕೆಯಲ್ಲಿ ತನ್ನನ್ನು ಮೀರಿಯಾಳೆಂದೂ ಆಕೆಗೆ ಅಂಜಿಕೆ. ಹೀಗೆ ಎಣಿಸಿದ ಹೆಣ್ಣಿನ ಕೈಗೇ ಮಾದ್ರಿಯು ಚಿತೆಯನ್ನೇರುವಾಗ ತನ್ನ ಮಕ್ಕಳನ್ನು ಒಪ್ಪಿಸಿದಳು. ಆಗ ಮಾದ್ರಿಯು ಆಡಿದ ಮಾತಿನ ಪ್ರಾಮಾಣಿಕತೆ ಅಸಾಧಾರಣವಾದುದು. ಉಳಿಯಬೇಕಾದವಳು ತಾನಾಗಿದ್ದರೆ ಕುಂತಿಯ ಮಕ್ಕಳನ್ನು ತನ್ನ ಮಕ್ಕಳಂತೆ ಕಾಣುವ ಶಕ್ತಿ ತನಗಿಲ್ಲವೆಂದು ಆಕೆ ಒಪ್ಪಿಕೊಳ್ಳುವಳು. ಸತ್ಕಾವ್ಯಗಳಲ್ಲಿ ತಾಯಂದಿರು ಸಾಮಾನ್ಯವಾಗಿ ಹೀಗೆ ನುಡಿಯುವುದಿಲ್ಲ. ಈ ಒಪ್ಪಿಗೆಯಿಂದಲೇ ಕುಂತಿಯ ಮುಂದಿನ ಬಾಳಿನ ಭಾರವು ಎಷ್ಟೆಂಬುದು ತಿಳಿಯುವುದು.

ಮಕ್ಕಳು ಬೆಳೆದರು, ರಾಜ್ಯವನ್ನು ಪಡೆದರು. ಮರೆತುಹೋದಂತಿದ್ದ ಭೇದವು ಒಂದು ದಿನ ಸಭೆಯ ನಡುವೆ ಬಯಲಿಗೆ ಬಂದಿತು. ಜೂಜಿನಲ್ಲಿ ಸಂಪತ್ತೆಲ್ಲ ತೀರಿದ ಮೇಲೆ ಧರ್ಮರಾಜನು ತಮ್ಮಂದಿರನ್ನು ಪಣಕ್ಕಿಟ್ಟನಷ್ಟೆ? ಮೊದಲು ನಕುಲ, ಆಮೇಲೆ ಸಹದೇವ. ಇಬ್ಬರನ್ನೂ ಗೆದ್ದ ಶಕುನಿಯು ಅಲ್ಲಿ ಒಂದು ಕ್ಷಣ ತಡೆದು ವಿಷದ ಮಾತೊಂದನ್ನು ಬಿಟ್ಟನು. ಮಾದ್ರಿಯ ಮಕ್ಕಳು ಸೋತುಹೋದರು, ಭೀಮಾರ್ಜುನರು ಅರಸನಿಗೆ ಇವರಿಗಿಂತ ಮಿಗಿಲಾದವರಿರಬೇಕು ಎಂಬುದು ಆ ಮಾತಿನ ತಾತ್ಪರ್ಯ. ಧರ್ಮರಾಜನು ಸಿಟ್ಟಾಗಿ, ಒಂದೇ ಮನಸ್ಸಿನವರಲ್ಲಿ ಒಡಕನ್ನು ಹುಟ್ಟಿಸಲು ನೋಡುವೆಯಾ ಎಂದು ಗದರಿಸಿ ಅರ್ಜುನನನ್ನು ಪಣಕ್ಕಿಟ್ಟನು. ಶಕುನಿಯ ಮಾತು ಸುಳ್ಳೆಂದು ತೋರಿಸಲು ಅವನಿಗೆ ಆಗ ಇದ್ದುದು ಅದೊಂದೇ ದಾರಿ. ಅದು ಸರ್ವನಾಶದ ದಾರಿಯೂ ಆಯಿತು. ಆದರೂ ಪಣದ ಅನುಕ್ರಮವು ಅನುಕ್ರಮವೇ. ಮೊದಲು ಹೋದವರು ಮಾದ್ರಿಯ ಮಕ್ಕಳು. ವಯಸ್ಸಿನಲ್ಲಿ ಕಿರಿಯರಾದುದರಿಂದ ಮೊದಲಿಟ್ಟನೆಂದು ಸಮಾಧಾನ ಹೇಳಬಹುದು. ಅವನ ಮನಸ್ಸು ಆ ಸಮಾಧಾನವನ್ನು ಒಪ್ಪಿತ್ತೆಂದು ತೋರುವುದಿಲ್ಲ.

ಏಕೆಂದರೆ ಅರಣ್ಯಪರ್ವದ ಕೊನೆಯಲ್ಲಿ, ಯಕ್ಷನ ಕೊಳದ ದಂಡೆಯ ಮೇಲೆ, ಅದೇ ಪ್ರಶ್ನೆಯು ತಿರುಗಿ ಬರುತ್ತದೆ. ನೀರಿಗಾಗಿ ಮೊದಲು ಹೋದವನೂ ನಕುಲನೇ, ಮೊದಲು ಸತ್ತು ಬಿದ್ದವನೂ ನಕುಲನೇ. ನಾಲ್ವರ ಶವಗಳ ನಡುವೆ ನಿಂತು ಪ್ರಶ್ನೆಗಳಿಗೆಲ್ಲ ಉತ್ತರವಿತ್ತ ಧರ್ಮರಾಜನಿಗೆ ಯಕ್ಷನು ಒಬ್ಬನ ಪ್ರಾಣವನ್ನು ಕೇಳಿಕೊಳ್ಳುವಂತೆ ಹೇಳಿದಾಗ, ಅವನು ಕೇಳಿದುದು ನಕುಲನನ್ನು. ರಾಜ್ಯವನ್ನು ಗೆದ್ದುಕೊಡಬಲ್ಲ ಭೀಮಾರ್ಜುನರನ್ನು ಬಿಟ್ಟು ಮಲತಮ್ಮನನ್ನೇಕೆ ಕೇಳಿದೆಯೆಂದು ಯಕ್ಷನಿಗೂ ಬೆರಗು. ಕುಂತಿ ಮಾದ್ರಿಯರಲ್ಲಿ ತನಗೆ ಭೇದವಿಲ್ಲ, ಕುಂತಿಗೆ ತಾನೊಬ್ಬನು ಉಳಿದಿರುವೆನು, ಮಾದ್ರಿಗೂ ಒಬ್ಬನು ಉಳಿಯಲಿ ಎಂಬುದು ಅವನ ಉತ್ತರ. ಯಕ್ಷಪ್ರಶ್ನೆಯ ಭಾಗವನ್ನು ಪುರಾಣಿಕರು ಧರ್ಮಸೂಕ್ಷ್ಮದ ನಿದರ್ಶನವೆಂದು ವಿವರಿಸುವುದುಂಟು. ಸಭಾಪರ್ವದ ಆ ಪಣವನ್ನು ನೆನೆದುಕೊಂಡು ಓದುವವನಿಗೆ ಇದು ಸೂಕ್ಷ್ಮಕ್ಕಿಂತ ಹೆಚ್ಚಾಗಿ ಪ್ರಾಯಶ್ಚಿತ್ತವೆಂದು ತೋರುವುದು. ಮೊದಲು ಕಳೆದವನನ್ನೇ ಮೊದಲು ಕೇಳಿ ಪಡೆದುದಾಯಿತು. ಶಕುನಿಗೆ ಅಂದು ಹೇಳಬೇಕಾಗಿದ್ದ ಉತ್ತರವು ಇಂದು, ಕೇಳಲು ಶಕುನಿಯಿಲ್ಲದ ಕಾಡಿನಲ್ಲಿ, ಬಾಯಿಗೆ ಬಂದಿತು.

ಆದರೆ ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಅದು ಧರ್ಮರಾಜನ ತಪ್ಪಲ್ಲ. ಆ ಹೊತ್ತಿಗೆ ಕುಂತಿಗೆ ಬದುಕಿದ್ದ ಮಗನು ಒಬ್ಬನಲ್ಲ, ಇಬ್ಬರು. ಕೊಳದ ದಂಡೆಯಲ್ಲಿ ತಾಯಂದಿರನ್ನು ತೂಗಿದ ತಕ್ಕಡಿಯಲ್ಲಿ ಒಂದು ಬೊಟ್ಟು ಕಾಣದೆ ಉಳಿದಿತ್ತು. ಹಸ್ತಿನಾವತಿಯಲ್ಲಿ ಕರ್ಣನು ಬದುಕಿದ್ದನು. ಸವತಿಯ ಮಕ್ಕಳಿಬ್ಬರನ್ನು ಎದೆಗವಚಿಕೊಂಡು ಸಾಕಿದ ಹೆಂಗಸು ತನ್ನ ಚೊಚ್ಚಲ ಮಗನನ್ನು ನೀರಿಗೆ ಬಿಟ್ಟಿದ್ದಳೆಂಬ ವಿಪರ್ಯಾಸವೇ ಭಾರತದ ಕೌಟುಂಬಿಕ ಕಥೆಯ ಕೇಂದ್ರ. ಕರ್ಣನನ್ನು ಕುರಿತು ಬರೆದವರು ಅವನನ್ನು ಭೀಷ್ಮದ್ರೋಣರ ಪಕ್ಕದಲ್ಲಿ, ಅರ್ಜುನನ ಎದುರಿನಲ್ಲಿ, ದುರ್ಯೋಧನನ ಮಗ್ಗುಲಲ್ಲಿ ನಿಲ್ಲಿಸಿ ಅಳೆದಿರುವರು. ಅವನನ್ನು ನಕುಲ ಸಹದೇವರ ಪಕ್ಕದಲ್ಲಿ ನಿಲ್ಲಿಸಿ ನೋಡಿದವರು ವಿರಳ. ಹಾಗೆ ನಿಲ್ಲಿಸಿದಾಗಲೇ ಅವನಿಗಾದ ಅನ್ಯಾಯದ ಅಳತೆಯೂ ಅವನ ದೊಡ್ಡತನದ ಅಳತೆಯೂ ಒಟ್ಟಿಗೆ ಸಿಕ್ಕುವುವು.

ಉದ್ಯೋಗಪರ್ವದಲ್ಲಿ ಕುಂತಿಯು ನದೀತೀರಕ್ಕೆ ಬಂದು ಸತ್ಯವನ್ನು ತಿಳಿಸಿದಾಗ ಕರ್ಣನು ಬಿರುಸಾಗಿಯೇ ನುಡಿಯುವನು. ವೈರಿಯೂ ಮಾಡದ ಕೇಡನ್ನು ಮಾಡಿದೆ, ತಾಯಿಯಂತೆ ಒಂದು ದಿನವೂ ನಡೆಯದೆ ಈಗ ನಿನ್ನ ಕಾರ್ಯಕ್ಕಾಗಿ ಬಂದೆ ಎಂದು ಮುಖಕ್ಕೆ ಹೇಳುವನು. ಹೇಳಿದ ಮೇಲೆ ಅವನು ಕೊಡುವ ಮಾತು, ಅರ್ಜುನನ ಹೊರತು ಉಳಿದವರನ್ನು ಕೊಲ್ಲೆನೆಂಬುದು. ಅರ್ಜುನನು ಸತ್ತರೆ ತನ್ನನ್ನು ಕೂಡಿಸಿಕೊಂಡು, ತಾನು ಸತ್ತರೆ ಅರ್ಜುನನನ್ನು ಕೂಡಿಸಿಕೊಂಡು, ಆಕೆಯ ಮಕ್ಕಳು ಎಂದಿಗೂ ಐವರೇ ಎಂಬುದು. ಈ ಎಣಿಕೆಯನ್ನು ನಿಂತು ನೋಡಬೇಕು. ಕುಂತಿಯ ಬಸಿರಿನಲ್ಲಿ ಹುಟ್ಟಿದವರು ಕರ್ಣನೂ ಸೇರಿ ನಾಲ್ವರು ಮಾತ್ರ. ಐದೆಂಬ ಸಂಖ್ಯೆಯು ಬರಬೇಕಾದರೆ ಮಾದ್ರಿಯ ಮಕ್ಕಳಿಬ್ಬರನ್ನೂ ಕುಂತಿಯ ಮಕ್ಕಳೆಂದೇ ಎಣಿಸಬೇಕು. ತನ್ನನ್ನು ಎಣಿಕೆಯಿಂದ ಬಿಟ್ಟ ತಾಯಿಯು ಎಣಿಕೆಗೆ ಸೇರಿಸಿಕೊಂಡ ಪರರ ಮಕ್ಕಳನ್ನು ಕರ್ಣನು ತಕರಾರಿಲ್ಲದೆ ಒಪ್ಪಿಕೊಂಡಿರುವನು. ಅವರಿಗೂ ಅವನಿಗೂ ತಂದೆಯೂ ಒಬ್ಬನಲ್ಲ, ತಾಯಿಯೂ ಒಬ್ಬಳಲ್ಲ. ಅಶ್ವಿನೀದೇವತೆಗಳು ಸೂರ್ಯನ ಮಕ್ಕಳೆಂಬ ಪುರಾಣದ ದಾರಿ ಹಿಡಿದು ಬೇರೊಂದು ನಂಟನ್ನು ಹೆಣೆಯಬಯಸುವವರು ಹೆಣೆಯಬಹುದು. ಕರ್ಣನ ಮಾತಿನಲ್ಲಿ ಅದರ ಸುಳಿವಿಲ್ಲ.

ಮಾತು ಮಾತಾಗಿಯೇ ಉಳಿಯಲಿಲ್ಲ. ದ್ರೋಣಪರ್ವದಲ್ಲಿ ಸಹದೇವನೂ ಕರ್ಣಪರ್ವದಲ್ಲಿ ನಕುಲನೂ ಕರ್ಣನ ಕೈಗೆ ಸಿಕ್ಕಿಬೀಳುವರು. ನಕುಲನ ಕೊರಳಿಗೆ ಬಿಲ್ಲನ್ನು ಹಾಕಿ ಹಿಡಿದು, ನಿನಗೆ ಸರಿಸಮಾನರಾದವರೊಡನೆ ಕಾದು, ಮನೆಗೆ ಹೋಗು ಎಂದು ಮೂದಲಿಸಿ ಬಿಟ್ಟುಬಿಡುವನು. ಕುಂತಿಗೆ ಕೊಟ್ಟ ಮಾತನ್ನು ನೆನೆದು ಬಿಟ್ಟನೆಂದು ವ್ಯಾಸರು ಸ್ಪಷ್ಟವಾಗಿಯೇ ಹೇಳುವರು. ಈ ಮೂದಲಿಕೆಯನ್ನು ಕರ್ಣನ ದುರಹಂಕಾರಕ್ಕೆ ಸಾಕ್ಷಿಯಾಗಿ ತೋರಿಸುವ ರೂಢಿಯು ಸರಿಯಲ್ಲ. ಪ್ರಾಣವನ್ನು ಉಳಿಸಿದ ಕಾರಣವನ್ನು ಹೇಳಲಾಗದವನು ಅದನ್ನು ಮುಚ್ಚುವುದಕ್ಕೆ ಹೀಯಾಳಿಕೆಯೊಂದೇ ಸಾಧನ. ರಣರಂಗದಲ್ಲಿ ನಿಂತವರಿಗೆ ಅದು ಹಗೆಯ ಬೈಗುಳಾಗಿ ಕೇಳಿತು. ಕೈಮೀರಿ ನಡೆದ ಕಿರಿಯನನ್ನು ಮನೆಯ ಹಿರಿಯನು ಗದರಿಸಿ ಕಳುಹುವ ರೀತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಆ ದಿನ ಅವಮಾನದಿಂದ ಬಿಸುಸುಯ್ಯುತ್ತ ಅಣ್ಣನ ಬಳಿಗೆ ಹಿಂದಿರುಗಿದ ನಕುಲನಿಗೆ ತನ್ನನ್ನು ಬಿಟ್ಟವನು ಯಾರೆಂಬುದು ತಿಳಿದಿರಲಿಲ್ಲ.

ಪಂಪನ ಕಾವ್ಯದಲ್ಲಿ ಈ ಮನೆಯ ಕಟ್ಟಡವೇ ಬೇರೆ. ಆಶ್ರಯದಾತನನ್ನು ಅರ್ಜುನನೊಡನೆ ಸಮೀಕರಿಸಿದ ಕವಿಯು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿ, ಕೊನೆಗೆ ಅರ್ಜುನ ಸುಭದ್ರೆಯರಿಗೆ ಪಟ್ಟವನ್ನು ಕಟ್ಟಿಸಿರುವನು. ಐವರನ್ನು ಒಂದುಗೂಡಿಸಿದ ಗಂಟು ಸಡಿಲಿದುದರಿಂದ ಅವಳಿಗಳಾದ ನಕುಲ ಸಹದೇವರು ಕಥೆಯ ಅಂಚಿಗೆ ಸರಿಯುವರು. ಸೋದರಭಾವದ ದೃಷ್ಟಿಯಿಂದ ನೋಡಿದರೆ ಇದು ನಷ್ಟವೇ ಸರಿ. ಪಂಪನ ಅಭಿಮಾನಿಗಳು ಇದನ್ನು ಒಪ್ಪಿಕೊಂಡರೆ ಅವನ ಕೀರ್ತಿಗೆ ಕುಂದಿಲ್ಲ. ಆದರೆ ಕರ್ಣನ ಬಳಿಗೆ ಬಂದಾಗ ಕವಿಯು ಈ ನಷ್ಟವನ್ನು ತುಂಬಿಕೊಟ್ಟಿರುವನು. ಕೃಷ್ಣನಿಂದ ಹುಟ್ಟಿನ ಸುದ್ದಿಯನ್ನು ಕೇಳಿದ ಕರ್ಣನು, ತಮ್ಮಂದಿರನ್ನು ಕೊಲ್ಲುವುದೆಂತು, ಸಾಕಿದ ಒಡೆಯನನ್ನು ಬಿಡುವುದೆಂತು ಎಂಬ ಇಕ್ಕಟ್ಟಿನಲ್ಲಿ ತಾನೇ ಮೊದಲು ಸಾಯುವುದು ಲೇಸೆಂದು ನಿಶ್ಚಯಿಸುವನು. ತರುವಾಯ ಕುಂತಿಗೆ ಅವನು ಕೊಡುವ ಮಾತು ಒಂದೇ ಒಂದು ಕಂದಪದ್ಯದಲ್ಲಿ ಅಡಕವಾಗಿದೆ. ಸರ್ಪಾಸ್ತ್ರವನ್ನು ಹಿಡಿಯೆನು, ಉಳಿದ ನಿನ್ನ ಮಕ್ಕಳು ಎದುರಾದರೂ ಅಳಿಯೆನು, ಅಳಿಯುವುದು ನನ್ನ ಒಡಲನ್ನೇ ಎಂಬುದು ಅದರ ಭಾವ. ತಾಯಿಯನ್ನು ಬಯ್ಯುವ ವ್ಯಾಸರ ಕರ್ಣನ ಬಿರುಸು ಇಲ್ಲಿಲ್ಲ. ‘ಉಳಿದ ಮಕ್ಕಳು’ ಎಂಬುದರೊಳಗೆ ಮೂವರು, ಇಬ್ಬರು ಎಂಬ ವಿಂಗಡಣೆಯೂ ಇಲ್ಲ. ಅಂಚಿಗೆ ಸರಿದ ಅವಳಿಗಳು ಕರ್ಣನ ಮಾತಿನಲ್ಲಿ ಸದ್ದಿಲ್ಲದೆ ಒಳಮನೆಗೆ ಬಂದು ಸೇರಿರುವರು. ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಪಂಪನ ತಾಯಿ ಅಬ್ಬಣಬ್ಬೆಯು ಗದುಗಿಗೆ ಸಮೀಪದ ಅಣ್ಣಿಗೇರಿಯ ಮನೆತನದವಳೆಂಬುದು ಲೋಕಕ್ಕೆ ತಿಳಿದುದು ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದ ಗುಡ್ಡದಲ್ಲಿ ಕೆತ್ತಿಸಿದ ಶಾಸನದಿಂದ. ತನ್ನ ಕಾವ್ಯದಲ್ಲಿ ತಮ್ಮಂದಿರನ್ನು ಹಿಂದಕ್ಕೆ ಸರಿಸಿದ ಕವಿಯ ಮನೆಯ ಸುದ್ದಿಯನ್ನು ಉಳಿಸಿದವನು ತಮ್ಮನೇ.

ಕುಮಾರವ್ಯಾಸನ ಕ್ರಮವು ಇದಕ್ಕೆ ಎದುರಾದುದು. ಅವನಲ್ಲಿ ಐವರ ಒಗ್ಗಟ್ಟು ಚರ್ಚೆಗೆ ಬರುವ ವಿಷಯವೇ ಅಲ್ಲ; ಕೃಷ್ಣನ ಕರುಣೆಯ ನೆರಳಿನಲ್ಲಿ ಅವರೆಲ್ಲರೂ ಒಂದು. ಹೊರಗುಳಿದವನೊಬ್ಬನ ಕಡೆಯಿಂದಲೇ ಈ ಒಗ್ಗಟ್ಟನ್ನು ನೋಡುವಂತೆ ಕವಿಯು ಓದುಗನನ್ನು ಒತ್ತಾಯಪಡಿಸುವನು. ಸಂಧಿಯು ಮುರಿದ ಮೇಲೆ ಕೃಷ್ಣನು ಕರ್ಣನನ್ನು ರಥದ ಮೇಲೆ ಒತ್ತಿನಲ್ಲಿ ಕೂರಿಸಿಕೊಂಡು ಗುಟ್ಟನ್ನು ಹೇಳುವ ಸಂದರ್ಭವು ಪಾಠಪುಸ್ತಕಗಳ ದೆಸೆಯಿಂದ ಎಳೆಯರಿಗೂ ಪರಿಚಿತವಾದುದು. ಎಡಗಡೆಗೆ ಕೌರವರು, ಬಲಗಡೆಗೆ ಪಾಂಡವರು ನೆರೆದ ಓಲಗದ ನಡುವೆ ನೀನು ಮೆರೆಯಬಾರದೆ ಎಂದು ಕೃಷ್ಣನು ಚಿತ್ರವನ್ನು ಬಿಡಿಸುತ್ತಿದ್ದಂತೆ ಕರ್ಣನ ಕೊರಳು ಬಿಗಿದು ಕಣ್ಣೀರು ಉಕ್ಕುವುದು. ರಾಜ್ಯದಾಸೆಯು ಆ ಕಣ್ಣೀರಿಗೆ ಕಾರಣವಲ್ಲವೆಂಬುದು ಅವನ ಉತ್ತರದಿಂದಲೇ ತಿಳಿಯುವುದು. ಒಡೆಯನ ಋಣಕ್ಕೆ ಒಡಲನ್ನು ನೀಗುವೆನು, ಆದರೆ ಐವರನ್ನು ನೋಯಿಸೆನು ಎಂದು ಅವನು ಸೂರ್ಯನ ಮೇಲೆ ಆಣೆಯಿಡುವನು. ವ್ಯಾಸರಲ್ಲಿ ಅರ್ಜುನನನ್ನು ಬಿಟ್ಟು ನಾಲ್ವರಿಗೆ ಸಿಕ್ಕ ಅಭಯವು ಇಲ್ಲಿ ಐವರಿಗೂ ಸಿಕ್ಕಿರುವುದು ಗಮನಾರ್ಹ. ಅದಕ್ಕಿಂತಲೂ ಗಮನಾರ್ಹವಾದುದು, ಆ ಐವರನ್ನು ಅವನು ಕೃಷ್ಣನ ವೀರರೆಂದು ಕರೆಯುವುದು. ತಮ್ಮಂದಿರೆಂದು ತಿಳಿದ ಕ್ಷಣದಲ್ಲಿಯೇ ಅವರನ್ನು ತನ್ನವರೆನ್ನುವ ಹಕ್ಕು ತನಗಿಲ್ಲವೆಂದು ಒಪ್ಪಿಕೊಂಡವನ ನುಡಿಯಿದು. ಪಂಪನ ಕರ್ಣನು ತಮ್ಮಂದಿರನ್ನು ನೆನೆದು ಮರುಗುವನು. ಗದುಗಿನ ಕರ್ಣನು ತಮ್ಮಂದಿರೆಂಬ ಮಾತನ್ನೇ ನುಂಗಿಕೊಳ್ಳುವನು. ಒಟ್ಟಿಗೆ ಉಂಡು ಬೆಳೆದವರಲ್ಲಿ ನೆತ್ತರು ಬೇರೆಯಾದರೂ ‘ನಮ್ಮವರು’ ಎಂಬ ಮಾತು ಸಲೀಸು. ನೆತ್ತರು ಒಂದಾಗಿಯೂ ಉಣ್ಣದೆ ಬೆಳೆದವನಿಗೆ ಅದು ಎಷ್ಟು ದುರ್ಲಭವೆಂಬುದನ್ನು ಕವಿಯು ಒಂದು ಸರ್ವನಾಮದಲ್ಲಿ ಹೇಳಿ ಮುಗಿಸಿರುವನು.

ಈ ಮೌನಕ್ಕೆ ಎದುರು ಕಡೆಯಿಂದ ಬರುವ ಮರುದನಿಯು ಕರ್ಣಪರ್ವದಲ್ಲಿದೆ. ಕರ್ಣನ ರಥದ ಗಾಲಿಯು ನೆಲದಲ್ಲಿ ಹೂತ ಹೊತ್ತಿನಲ್ಲಿ ಅರ್ಜುನನ ಕೈ ತಡೆಯುವುದು. ಹಗೆಯ ಮೇಲೆ ಏಕೆ ಈ ಮಮತೆ, ಇವನು ತನಗೆ ಏನಾಗಬೇಕು ಎಂದು ಅವನು ಕೃಷ್ಣನನ್ನು ಕೇಳುವನು. ಅರಿಯದವನಿಗೆ ಮೈ ತಿಳಿಸುತ್ತಿದೆ, ಅರಿತವನು ಬಾಯಿ ಬಿಡುತ್ತಿಲ್ಲ. ವ್ಯಾಸರು ಇದಕ್ಕೆ ಸಮಾನವಾದ ಅನುಭವವನ್ನು ಯುದ್ಧವು ಮುಗಿದ ಮೇಲೆ, ಶಾಂತಿಪರ್ವದ ಆರಂಭದಲ್ಲಿ, ಧರ್ಮರಾಜನ ಬಾಯಿಂದ ಹೇಳಿಸಿರುವರು. ಜೂಜಿನ ಸಭೆಯಲ್ಲಿ ಕರ್ಣನ ಕಟುನುಡಿಗಳಿಗೆ ಎದೆ ಕುದಿಯುತ್ತಿದ್ದಾಗಲೂ ಅವನ ಪಾದಗಳ ಮೇಲೆ ಕಣ್ಣು ಬಿದ್ದೊಡನೆ ತನ್ನ ಕೋಪವು ಇಳಿದುಹೋಗುತ್ತಿತ್ತು. ಆ ಪಾದಗಳು ಕುಂತಿಯ ಪಾದಗಳಂತೆ ಇದ್ದುವು. ಕಾರಣವು ಅಂದು ಹೊಳೆಯಲಿಲ್ಲ ಎಂದು ಅವನು ಅಳಲುವನು. ವ್ಯಾಸರದು ಕಣ್ಣಿಗೆ ಕಂಡ ಹೋಲಿಕೆ, ಕುಮಾರವ್ಯಾಸನದು ಕಾಣದ ಕಕ್ಕುಲತೆ. ವ್ಯಾಸರ ಪಾದಗಳ ಚಿತ್ರವು ಹೆಚ್ಚು ಸಹಜವಾದುದೆಂದು ಒಪ್ಪಬೇಕಾಗುವುದು. ಆದರೆ ಬಾಣವನ್ನು ಹೂಡಿದ ಕೈಯಲ್ಲಿಯೇ ಸಂದೇಹವನ್ನು ಹುಟ್ಟಿಸಿದ ಗದುಗಿನ ಕವಿಯ ಧೈರ್ಯವೂ ಸಾಮಾನ್ಯವಾದುದಲ್ಲ.

ಕನ್ನಡ ವಿಮರ್ಶೆಯಲ್ಲಿ ಕರ್ಣನನ್ನು ಸ್ವಾಮಿಭಕ್ತಿಯ ಮೂರ್ತಿಯೆಂದು ಹೊಗಳುವ ವಾಡಿಕೆಯು ಬೇರೂರಿದೆ. ಹೊಗಳಿಕೆಯಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಸತ್ಯ. ಸ್ವಾಮಿಭಕ್ತಿಯೊಂದೇ ಆಗಿದ್ದರೆ ಕೈಗೆ ಸಿಕ್ಕಿದ ನಾಲ್ವರನ್ನು ಬಿಟ್ಟುಬಿಟ್ಟುದು ಸ್ವಾಮಿದ್ರೋಹವೇ ಆಗುತ್ತಿತ್ತು. ದುರ್ಯೋಧನನಿಗೆ ಈ ಗುಟ್ಟು ತಿಳಿದಿದ್ದರೆ ಏನೆನ್ನುತ್ತಿದ್ದನು? ಒಡೆಯನಿಗೆ ಪ್ರಾಣವನ್ನೂ ಒಡಹುಟ್ಟಿದವರಿಗೆ ಗೆಲವನ್ನೂ ಹಂಚಿಕೊಟ್ಟು, ಇಬ್ಬರಿಗೂ ಹೇಳದೆ ಹೋದವನು ಕರ್ಣ. ತನ್ನ ಹುಟ್ಟನ್ನು ಧರ್ಮರಾಜನಿಗೆ ತಿಳಿಸಬೇಡವೆಂದು ಅವನು ಕೃಷ್ಣನನ್ನು ಬೇಡಿಕೊಂಡ ಮಾತು ಮೂಲದಲ್ಲಿದೆ. ತಿಳಿದರೆ ಅವನು ರಾಜ್ಯವನ್ನು ಹಿರಿಯನಿಗೆ ಒಪ್ಪಿಸುವನು, ತಾನು ಅದನ್ನು ದುರ್ಯೋಧನನಿಗೆ ಕೊಡಬೇಕಾಗುವುದು ಎಂಬುದು ಅವನ ತರ್ಕ. ಒಂದು ದಿನವೂ ಜೊತೆಯಲ್ಲಿ ಬಾಳದ ತಮ್ಮನ ಸ್ವಭಾವವನ್ನು ಅವನು ಎಷ್ಟು ನಿಷ್ಕೃಷ್ಟವಾಗಿ ಬಲ್ಲನೆಂಬುದನ್ನು ಇಲ್ಲಿ ನೋಡಬೇಕು.

ಎದುರುಮನೆಯಲ್ಲಿಯೂ ಇಂಥದೊಂದು ನಂಟಿತ್ತು. ಧೃತರಾಷ್ಟ್ರನಿಗೆ ವೈಶ್ಯಸ್ತ್ರೀಯಲ್ಲಿ ಹುಟ್ಟಿದ ಯುಯುತ್ಸುವು ನೂರ್ವರ ಮಲಸೋದರ. ಯುದ್ಧಾರಂಭದಲ್ಲಿ ಧರ್ಮರಾಜನು ಕರೆದಾಗ ಅವನು ಈಚೆಗೆ ಬಂದನು. ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಎಳೆಯ ಪರೀಕ್ಷಿತನ ರಾಜ್ಯದ ಹೊಣೆಯು ಅವನ ಪಾಲಿಗೆ ಬಂದಿತು. ನೂರ್ವರ ಒಬ್ಬಳೇ ತಂಗಿಯಾದ ದುಶ್ಶಲೆಯನ್ನು ಪಾಂಡವರು ತಮ್ಮ ತಂಗಿಯೆಂದೇ ಭಾವಿಸಿದುದಕ್ಕೆ, ದ್ರೌಪದಿಯನ್ನು ಕದ್ದೊಯ್ದ ಜಯದ್ರಥನನ್ನೂ ಆಕೆಯ ಮುಖ ನೋಡಿ ಕೊಲ್ಲಬೇಡವೆಂದು ಧರ್ಮರಾಜನು ತಡೆದುದು ಸಾಕ್ಷಿ.

ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೆ ನಿಲ್ಲುವುದು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಪೂರೈಸಿದನು. ಪಂಪನ ಕಥೆಯು ಪಟ್ಟಾಭಿಷೇಕದೊಡನೆ ಮುಗಿಯುವುದು. ಆದುದರಿಂದ ಈ ಎಣಿಕೆಯ ಕೊನೆಯ ಸಾಲು ಪುಲಿಗೆರೆಯ ಕನ್ನಡದಲ್ಲಿಯೂ ಇಲ್ಲ, ಗದುಗಿನ ಕನ್ನಡದಲ್ಲಿಯೂ ಇಲ್ಲ. ಅದು ಇರುವುದು ವ್ಯಾಸರ ಆಶ್ರಮವಾಸಿಕ ಪರ್ವದಲ್ಲಿ. ಗಾಂಧಾರೀ ಧೃತರಾಷ್ಟ್ರರ ಸೇವೆಗಾಗಿ ಕಾಡಿಗೆ ಹೊರಟುನಿಂತ ಕುಂತಿಯು ಧರ್ಮರಾಜನಿಗೆ ಬುದ್ಧಿ ಹೇಳುವಳು. ಭೀಮಾರ್ಜುನರ ಮಾತು ಅಲ್ಲಿ ಆಮೇಲೆ ಬರುವುದು. ಮೊದಲು ಬರುವ ಹೆಸರುಗಳು ಎರಡು. ಸಹದೇವನಲ್ಲಿ ಎಂದೂ ಅಲಕ್ಷ್ಯ ಮಾಡಬೇಡ, ಅವನಿಗೆ ನನ್ನಲ್ಲಿಯೂ ನಿನ್ನಲ್ಲಿಯೂ ಬಹಳ ಪ್ರೀತಿ. ಕರ್ಣನನ್ನು ಯಾವಾಗಲೂ ನೆನೆಯುತ್ತಿರು. ಸವತಿಯ ಕಿರಿಯ ಮಗನನ್ನೂ ತನ್ನ ಚೊಚ್ಚಲ ಮಗನನ್ನೂ ಆಕೆಯು ಒಂದೇ ಉಸಿರಿನಲ್ಲಿ ಹೆಸರಿಸಿದುದು ಅದೇ ಮೊದಲು. ಕೆಲವು ಕಾಲದ ಮೇಲೆ ಪಾಂಡವರು ತಾಯಿಯನ್ನು ನೋಡಲು ಕಾಡಿಗೆ ಹೋದರು. ಮುಪ್ಪಿನ ಕುಂತಿಯು ದೂರದಲ್ಲಿ ಕಂಡೊಡನೆ ಎಲ್ಲರಿಗಿಂತ ಮುಂದೆ ಓಡಿಹೋಗಿ ಆಕೆಯ ಕಾಲುಗಳನ್ನು ಹಿಡಿದು ಗಟ್ಟಿಯಾಗಿ ಅತ್ತವನು ಮಾದ್ರಿಯ ಮಗನಾದ ಸಹದೇವನು.